ಹೆಂಡತಿಗೆ ಹೊಡೆದ ಆಟಗಾರ: ಲೀಗ್ ಕೋರ್ಟಿಗಾಗಿ ಕಾಯಬೇಕಾ?

ದಾವಣಗೆರೆ ಕೋರ್ಟಿನಲ್ಲಿ ನಾನು ನಡೆಸುವ ಕೇಸುಗಳಲ್ಲಿ ಜಾಸ್ತಿ ಇರುವುದು ಜೀವನಾಂಶದವು ಮತ್ತು ಕೌಟುಂಬಿಕ ದೌರ್ಜನ್ಯದವು. ಹಾಗಾಗಿ ಯಾರಾದರೂ ದೊಡ್ಡ ಆಟಗಾರನ ಮನೆ ಗಲಾಟೆ ಟಿವಿಯಲ್ಲಿ ಬಂತು ಅಂದರೆ ಸಾಕು, ಕ್ಯಾಂಟೀನಿನಲ್ಲಿ ಕೂತವರು ನನ್ನ ಕಡೆ ತಿರುಗುತ್ತಾರೆ. "ಅದು ಗಂಡ ಹೆಂಡತಿ ವಿಷಯ ಅಲ್ವಾ ಮೇಡಂ? ತಪ್ಪಾಗಿದ್ರೆ ಕೋರ್ಟ್ ನೋಡ್ಕೊಳ್ಳುತ್ತೆ. ಅವನ ಆಟಕ್ಕೆ ಯಾಕೆ ಕೈ ಹಾಕಬೇಕು?" ಹೀಗೆ ಕೇಳುವವರು ಕಾನೂನು ಓದಿದವರೇ. ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಿ ನಡೆಸುವ ಹುಡುಗರೂ ಇದನ್ನೇ ಕೇಳುತ್ತಾರೆ. ಅದಕ್ಕೇ ಒಮ್ಮೆ ಬಿಡಿಸಿ ಬರೆಯುತ್ತಿದ್ದೇನೆ.

ಅಮೆರಿಕದ ಲೀಗ್‌ಗಳ ಕಥೆಗೆ ಹೋಗುವ ಮುಂಚೆ ನಮ್ಮ ಸರ್ಕಾರಿ ಕಚೇರಿಯನ್ನೇ ನೋಡಿ. ಒಬ್ಬ ಗುಮಾಸ್ತರನ್ನೋ ಮೇಷ್ಟ್ರನ್ನೋ ಪೊಲೀಸರು ಹಿಡಿದು 48 ಗಂಟೆಗಿಂತ ಹೆಚ್ಚು ಹೊತ್ತು ಒಳಗಿಟ್ಟರೆ ಕರ್ನಾಟಕದ ಸೇವಾ ನಿಯಮದ ಪ್ರಕಾರ ಅವರು ಅಮಾನತಾದ ಹಾಗೆಯೇ. ಆ ಕೇಸು ಮನೆಯೊಳಗಿನ ಹೊಡೆತದ್ದಾದರೂ ಅಷ್ಟೇ. "ಕೋರ್ಟ್ ತೀರ್ಪು ಬರಲಿ, ಆಮೇಲೆ ನೋಡೋಣ" ಅಂತ ಯಾರೂ ಹೇಳುವುದಿಲ್ಲ. ಹಾಗಂತ ಅವರನ್ನ ಉಪವಾಸ ಕೆಡವುವುದೂ ಇಲ್ಲ, ಮೊದಲು ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ ಬರುತ್ತದೆ. ಇಲಾಖಾ ವಿಚಾರಣೆ ತನ್ನ ಪಾಡಿಗೆ ನಡೆಯುತ್ತದೆ, ಕ್ರಿಮಿನಲ್ ಕೇಸು ತನ್ನ ಪಾಡಿಗೆ. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಜಾಗವೇ ಇಲ್ಲದಂತೆ ಸಾಬೀತಾಗಬೇಕು, ಯಾಕಂದರೆ ಅಲ್ಲಿ ಮನುಷ್ಯ ಜೈಲಿಗೆ ಹೋಗುತ್ತಾನೆ. ಇಲಾಖಾ ವಿಚಾರಣೆಯಲ್ಲಿ ಹೀಗೇ ಆಗಿರುವ ಸಾಧ್ಯತೆ ಹೆಚ್ಚು ಅಂತ ದಾಖಲೆ ತೋರಿಸಿದರೆ ಸಾಕು.

ಲೀಗ್‌ನ ಶಿಕ್ಷೆಯೂ ಇದೇ ಜಾತಿಯದು. ಆಟಗಾರ ಒಪ್ಪಂದಕ್ಕೆ ಸಹಿ ಹಾಕಿರುತ್ತಾನೆ, ಅದರಲ್ಲಿ ನಡತೆಯ ಷರತ್ತು ಇರುತ್ತದೆ. ಅದನ್ನ ಮುರಿದನಾ ಇಲ್ಲವಾ ಅನ್ನುವುದಷ್ಟೇ ಲೀಗ್ ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನ ಕೇಳುವುದು ಹೇಗೆ ಅಂತ ಅಮೆರಿಕದವರು ಕಲಿತದ್ದು ಮುಖಭಂಗ ಆದ ಮೇಲೆಯೇ. ಅವರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್. ಬಾಲ್ಟಿಮೋರ್ ರೇವನ್ಸ್ ತಂಡದ ರೇ ರೈಸ್ 2014ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಸಿಟಿಯ ಒಂದು ಕ್ಯಾಸಿನೊ ಲಿಫ್ಟಿನಲ್ಲಿ ತಾನು ಮದುವೆಯಾಗಲಿದ್ದ ಹುಡುಗಿಗೆ ಹೊಡೆದ. ಆಕೆ ಪ್ರಜ್ಞೆ ತಪ್ಪಿ ಬಿದ್ದರು. ಅವರನ್ನ ಲಿಫ್ಟಿನಿಂದ ಹೊರಗೆ ಎಳೆದು ಹಾಕುವ ವಿಡಿಯೊ ಕೆಲವೇ ದಿನದಲ್ಲಿ ಹೊರಬಂತು. ಅಷ್ಟನ್ನ ನೋಡಿದ ಮೇಲೂ ಲೀಗ್ ಜುಲೈನಲ್ಲಿ ಕೊಟ್ಟ ಶಿಕ್ಷೆ 2 ಪಂದ್ಯ. ಅದೇ ಲೀಗಿನಲ್ಲಿ ಶಕ್ತಿವರ್ಧಕ ಔಷಧ ತಗೊಂಡು ಮೊದಲ ಸಲ ಸಿಕ್ಕಿಬಿದ್ದರೆ 4 ಪಂದ್ಯ ಹೋಗುತ್ತಿತ್ತು. ಜನ ಉಗಿದರು. ಆಗಸ್ಟ್ ಕೊನೆಯಲ್ಲಿ ಲೀಗ್ ಮುಖ್ಯಸ್ಥ ರೋಜರ್ ಗುಡೆಲ್ ತಂಡಗಳ ಮಾಲೀಕರಿಗೆ ಪತ್ರ ಬರೆದು ತಾನು ಮಾಡಿದ್ದು ಸರಿಯಾಗಲಿಲ್ಲ ಅಂತ ಒಪ್ಪಿಕೊಂಡರು. ಕೌಟುಂಬಿಕ ದೌರ್ಜನ್ಯ ಮೊದಲ ಸಲವಾದರೆ ಸಂಬಳವಿಲ್ಲದೆ 6 ಪಂದ್ಯ, ಎರಡನೇ ಸಲವಾದರೆ ಲೀಗಿನಿಂದಲೇ ಹೊರಗೆ ಅನ್ನುವ ನಿಯಮ ಬಂತು.

ಸೆಪ್ಟೆಂಬರ್ 8ಕ್ಕೆ ಲಿಫ್ಟಿನ ಒಳಗಿನ ವಿಡಿಯೊ ಹೊರಬಿತ್ತು. ಏಟು ಕಣ್ಣಿಗೆ ಕಂಡಿತು. ತಂಡ ಅದೇ ದಿನ ಒಪ್ಪಂದ ಹರಿಯಿತು, ಲೀಗ್ ಅನಿರ್ದಿಷ್ಟ ಕಾಲ ಹೊರಗೆ ಹಾಕಿತು. ಎಳೆದು ಹಾಕುವುದನ್ನ ನೋಡಿದಾಗ 2 ಪಂದ್ಯ, ಹೊಡೆಯುವುದನ್ನ ನೋಡಿದಾಗ ಪೂರ್ತಿ ಮನೆಗೆ. ಆಕೆಗೆ ಬಿದ್ದ ಏಟು ಒಂದೇ ಆಗಿತ್ತಲ್ಲ? ಬದಲಾದದ್ದು ಜನರ ಕಣ್ಣಿಗೆ ಬಿದ್ದದ್ದು ಮಾತ್ರ. ರೈಸ್ ಮೇಲ್ಮನವಿ ಹಾಕಿದ. ನವೆಂಬರ್‌ನಲ್ಲಿ ಮಾಜಿ ನ್ಯಾಯಾಧೀಶೆ ಬಾರ್ಬರಾ ಜೋನ್ಸ್ ಆ ಎರಡನೇ ಶಿಕ್ಷೆಯನ್ನ ರದ್ದು ಮಾಡಿದರು. ಆತ ಮೊದಲೇ ಲೀಗಿಗೆ ನಡೆದದ್ದನ್ನ ಮುಚ್ಚಿಟ್ಟಿರಲಿಲ್ಲ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡುವಂತಿಲ್ಲ ಅನ್ನುವುದು ಅವರ ತೀರ್ಮಾನ. ವಕೀಲಳಾಗಿ ನನಗೆ ಅದು ಸರಿ ಅನ್ನಿಸುತ್ತದೆ. ಆದರೆ ಆತ ಮತ್ತೆ ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ, ಯಾವ ತಂಡವೂ ಕರೆಯಲಿಲ್ಲ.

ಈ ಕೇಸಿನಲ್ಲಿ ನನ್ನನ್ನ ಈಗಲೂ ಕಾಡುವುದು ವಿಡಿಯೊ ಅಲ್ಲ. ಜೂನ್ ತಿಂಗಳಲ್ಲಿ ಲೀಗ್ ವಿಚಾರಣೆ ಮಾಡಿದಾಗ ಆಕೆಯನ್ನ ಅದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸಿದರು. ಪಕ್ಕದಲ್ಲಿ ಗಂಡ, ಯಾಕಂದರೆ ಅಷ್ಟೊತ್ತಿಗೆ ಮದುವೆಯಾಗಿತ್ತು. ಎದುರಿಗೆ ಲೀಗ್ ಮುಖ್ಯಸ್ಥರು, ಜೊತೆಗೆ ಗಂಡನಿಗೆ ಸಂಬಳ ಕೊಡುವ ತಂಡದ ದೊಡ್ಡವರು. ಅದಕ್ಕೂ ಮುಂಚೆ ಮೇ ತಿಂಗಳ ಪತ್ರಿಕಾಗೋಷ್ಠಿಯಲ್ಲಿ ಆಕೆಯಿಂದಲೇ ಆ ರಾತ್ರಿ ತನ್ನ ಪಾತ್ರದ ಬಗ್ಗೆ ವಿಷಾದ ಹೇಳಿಸಿದ್ದಾಯಿತು, ತಂಡ ಅದನ್ನ ಟ್ವಿಟರ್‌ನಲ್ಲೂ ಹಾಕಿತು. ಏಟು ತಿಂದವರೇ ಕ್ಷಮೆ ಕೇಳಿದ ಹಾಗೆ.

ಇದು ದೂರದ ಕಥೆ ಅಂತ ಅಂದುಕೊಳ್ಳಬೇಡಿ. ನಮ್ಮ ಕಡೆಯ ಒಂದು ಠಾಣೆಯಲ್ಲಿ ನಾನೇ ಕಂಡದ್ದು ಹೇಳುತ್ತೇನೆ. ಗಂಡ ಊರಲ್ಲಿ ಹೆಸರು ಮಾಡಿದ ಕಬಡ್ಡಿ ಆಟಗಾರ. ಹುಡುಗಿ ಬೆಂಚಿನ ತುದಿಯಲ್ಲಿ ಸೆರಗಿನಿಂದ ಮೊಣಕೈ ಮುಚ್ಚಿಕೊಂಡು ಕೂತಿದ್ದಾಳೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಗಂಡ. ಹಿಂದೆ ಅತ್ತೆ, ಮಾವ, ತಂಡದ ಇಬ್ಬರು ಹಿರಿಯರು. "ಹೇಳಮ್ಮ, ಏನಾತು?" ಅಂತ ಎಲ್ಲರ ಮುಂದೆಯೇ ಕೇಳಿದರು. ಆಕೆ ತಲೆ ಎತ್ತಲಿಲ್ಲ. "ಏನಿಲ್ರಿ ಸರ್, ನಾನೇ ಕಾಲು ಜಾರಿ ಬಿದ್ದೆ." ಹಿಂದಿನ ಸಂಜೆ ನನ್ನ ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಮಾತಾಡಿದ್ದವಳು ಇವಳೇ. ಹಿರಿಯರಲ್ಲಿ ಒಬ್ಬರು ನನ್ನ ಹತ್ತಿರ ಬಂದು, ಒಳ್ಳೆಯ ಮಾತಿನಲ್ಲೇ, "ಫೈನಲ್ ಮುಗೀಲಿ ಮೇಡಂ, ನಾವೇ ಕೂತು ಬಗೆಹರಿಸ್ತೀವಿ" ಅಂದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಗಾದೆಯನ್ನೂ ಹೇಳಿದರು. ಆ ಗಾದೆ ಜಗಳಕ್ಕೆ ಸರಿ. ಮೊಣಕೈ ಮುರಿಯುವುದಕ್ಕೆ ಅದನ್ನ ತರಬಾರದು.

ಇಲ್ಲಿ ಕಾನೂನಿನ ಒಂದು ಗಂಟು ಇದೆ. ಗಂಡನ ಕ್ರೌರ್ಯದ ಅಪರಾಧ, ಹಳೆಯ ಭಾರತೀಯ ದಂಡ ಸಂಹಿತೆಯ 498ಎ, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಠಾಣೆಯಲ್ಲೋ ವಿಚಾರಣಾ ಕೋರ್ಟಿನಲ್ಲೋ ರಾಜಿ ಮಾಡಿಕೊಂಡು ಮುಗಿಸುವಂಥದ್ದಲ್ಲ. ಆದರೆ ನಡೆಯುವುದೇ ಬೇರೆ. ಹೊರಗೆ ರಾಜಿಯಾಗುತ್ತದೆ, ಆಮೇಲೆ ಹೆಂಡತಿ ಕಟಕಟೆಯಲ್ಲಿ ಉಲ್ಟಾ ಹೇಳುತ್ತಾಳೆ, ಕೇಸು ಖುಲಾಸೆ. ಇಲ್ಲವಾದರೆ ಇಬ್ಬರೂ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳುತ್ತಾರೆ. ಹಾಗಾಗಿ "ಶಿಕ್ಷೆ ಆಗಿದ್ಯಾ?" ಅಂತ ಮಾತ್ರ ಕೇಳುವ ಲೀಗಿಗೆ ಉತ್ತರ ಬಹುತೇಕ ಯಾವಾಗಲೂ "ಇಲ್ಲ" ಅಂತಲೇ ಬರುತ್ತದೆ. ಹೊಡೆತವೇ ಆಗಿಲ್ಲ ಅಂತ ಅದರ ಅರ್ಥವಲ್ಲ, ಆಕೆಗೆ ಬೇರೆ ದಾರಿ ಕಾಣಲಿಲ್ಲ ಅಂತಲೂ ಆಗಿರಬಹುದು.

ಅಮೆರಿಕದ ಬೇಸ್‌ಬಾಲ್ ಲೀಗ್ ಈ ಗಂಟನ್ನ ಸ್ವಲ್ಪ ಬಿಡಿಸಿದೆ. 2015ರ ಆಗಸ್ಟ್‌ನಲ್ಲಿ ಲೀಗ್ ಮತ್ತು ಆಟಗಾರರ ಸಂಘ ಕೂತು ಒಟ್ಟಿಗೆ ಒಂದು ನೀತಿ ಮಾಡಿಕೊಂಡವು. ಸಂಘವೂ ಒಪ್ಪಿದ್ದು ದೊಡ್ಡ ವಿಷಯ, ಯಾಕಂದರೆ ನಾಳೆ "ನಮ್ಮನ್ನ ಕೇಳದೆ ಮಾಡಿದ ನಿಯಮ" ಅಂತ ಅನ್ನುವಂತಿಲ್ಲ. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಶಿಕ್ಷೆ ಗೊತ್ತುಮಾಡಲಿಲ್ಲ, ಕೇಸು ನೋಡಿ ತೀರ್ಮಾನ. ಕೋರ್ಟಿನಲ್ಲಿ ಶಿಕ್ಷೆ ಆಗಿರಲೇಬೇಕು ಅಂತಲೂ ಇಲ್ಲ. ಹೊಸೆ ರೇಯೆಸ್ ಅನ್ನುವ ಆಟಗಾರನ ಮೇಲಿನ ಕೇಸು ಹೆಂಡತಿ ಸಹಕರಿಸದೆ ಬಿದ್ದುಹೋಯಿತು. ಆದರೂ 2016ರಲ್ಲಿ ಲೀಗ್ 51 ಪಂದ್ಯ ಹೊರಗಿಟ್ಟಿತು. ಅರೋಲ್ದಿಸ್ ಚಾಪ್ಮನ್ ಮೇಲೆ ಪೊಲೀಸರು ಕೇಸನ್ನೇ ಹಾಕಲಿಲ್ಲ, ಆದರೂ 30 ಪಂದ್ಯ ಹೋಯಿತು. ಅಂದರೆ ಹೆಂಡತಿ ಕಟಕಟೆ ಹತ್ತಲೇಬೇಕು ಅನ್ನುವ ಭಾರ ಆಕೆಯ ಹೆಗಲಿನಿಂದ ಇಳಿಯಿತು. ನನ್ನ ಕಣ್ಣಿಗೆ ಆ ನೀತಿಯ ಬೆಲೆ ಇರುವುದೇ ಇಲ್ಲಿ, ಪಂದ್ಯಗಳ ಲೆಕ್ಕದಲ್ಲಲ್ಲ.

ಇನ್ನು ಸುಳ್ಳು ದೂರಿನ ಮಾತು. ಸುಳ್ಳು ಕೇಸು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಗಂಡಂದಿರ ಪರವಾಗಿಯೂ ವಾದ ಮಾಡಿದ್ದೇನೆ. ಅದಕ್ಕೇ ಎರಡು ಹೆಜ್ಜೆ ಬೇರೆಬೇರೆ ಇರಬೇಕು. ಮೊದಲನೆಯದು ತನಿಖೆ ಮುಗಿಯುವ ತನಕ ಸಂಬಳ ಕೊಟ್ಟು ಹೊರಗಿಡುವುದು. ಎನ್‌ಎಫ್‌ಎಲ್‌ನಲ್ಲಿ ಹಾಗೆ ಹೊರಗಿಟ್ಟವರನ್ನ ಸೇರಿಸುವುದಕ್ಕೆ ಒಂದು ಪಟ್ಟಿ ಇದೆ, ಬೇಸ್‌ಬಾಲ್‌ನಲ್ಲಿ ಆಡಳಿತಾತ್ಮಕ ರಜೆ ಅನ್ನುತ್ತಾರೆ. ಆಸ್ಟ್ರೇಲಿಯಾದ ರಗ್ಬಿ ಲೀಗ್ 2019ರಲ್ಲಿ ತಂದ ನಿಯಮದಲ್ಲಿ 11 ವರ್ಷ ಅಥವಾ ಅದಕ್ಕಿಂತ ಹೆಚ್ಚು ಜೈಲು ಬೀಳಬಹುದಾದ ಆರೋಪ ಹೊತ್ತ ಆಟಗಾರ ತಾನಾಗಿಯೇ ಹೊರಗೆ ಕೂರಬೇಕು, ಸಂಬಳ ಪೂರ್ತಿ ಬರುತ್ತದೆ, ತಪ್ಪು ಮಾಡಿದ್ದಾನೆ ಅಂತ ಯಾರೂ ಹೇಳಿದ ಹಾಗಲ್ಲ. ಇದನ್ನ ಒಬ್ಬ ಆಟಗಾರ ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಿ ಸೋತ. ಶಿಕ್ಷೆ ಅನ್ನುವುದು ಎರಡನೇ ಹೆಜ್ಜೆ. ಅದು ಆಟಗಾರನ ಮಾತು ಕೇಳಿದ ಮೇಲೆ, ಮೇಲ್ಮನವಿಗೆ ಅವಕಾಶ ಇಟ್ಟು ಬರಬೇಕು.

ನಮ್ಮಲ್ಲಿಗೆ ಬರೋಣ. 2018ರ ಮಾರ್ಚ್‌ನಲ್ಲಿ ಮೊಹಮ್ಮದ್ ಶಮಿ ಮೇಲೆ ಪತ್ನಿ ದೌರ್ಜನ್ಯದ ದೂರು ಕೊಟ್ಟರು. ಶಮಿ ಅದನ್ನ ಅಲ್ಲಗಳೆದರು. ಸತ್ಯ ಯಾವ ಕಡೆ ಅಂತ ಹೇಳುವುದು ಕೋರ್ಟಿನ ಕೆಲಸ, ನನ್ನದಲ್ಲ. ನಾನು ನೋಡುವುದು ಕ್ರಿಕೆಟ್ ಮಂಡಳಿ ಏನು ಮಾಡಿತು ಅಂತ. ಬಿಸಿಸಿಐ ಶಮಿಯವರ ವಾರ್ಷಿಕ ಒಪ್ಪಂದ ತಡೆಹಿಡಿಯಿತು. ಆಮೇಲೆ ತನಿಖೆಗೆ ಒಪ್ಪಿಸಿದ್ದು ದೂರಿನ ಜೊತೆ ಬಂದಿದ್ದ ಹಣದ, ಫಿಕ್ಸಿಂಗ್‌ನ ಆರೋಪವನ್ನ. ಭ್ರಷ್ಟಾಚಾರ ನಿಗ್ರಹ ಘಟಕ ಅದರಲ್ಲಿ ಹುರುಳಿಲ್ಲ ಅಂದ ಕೂಡಲೇ, ಅದೇ ತಿಂಗಳಲ್ಲಿ, ಬಿ ದರ್ಜೆಯ ಒಪ್ಪಂದ ಸಿಕ್ಕಿತು. ಮನೆಯೊಳಗಿನ ಆರೋಪ ಕೋರ್ಟಿನ ಪಾಲಿಗೆ ಉಳಿಯಿತು.

ಇದರ ಪಕ್ಕದಲ್ಲಿ 2019ರ ಜನವರಿ ಇಟ್ಟು ನೋಡಿ. ಒಂದು ಟಿವಿ ಕಾರ್ಯಕ್ರಮದಲ್ಲಿ ಹೆಂಗಸರ ಬಗ್ಗೆ ಹಗುರವಾಗಿ ಮಾತಾಡಿದ್ದಕ್ಕೆ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಇಬ್ಬರನ್ನೂ ಆಸ್ಟ್ರೇಲಿಯಾ ಪ್ರವಾಸದ ಮಧ್ಯದಲ್ಲೇ ಮನೆಗೆ ಕಳಿಸಿದರು. ಆಮೇಲೆ ದೂರುಗಳನ್ನ ವಿಚಾರಿಸುವ ಮಂಡಳಿಯ ಒಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಆ ಕ್ರಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಂಡಳಿಗೆ ಮನಸ್ಸಿದ್ದರೆ ಮೈದಾನದ ಹೊರಗಿನ ನಡತೆಗೂ ಕೈ ತಲುಪುತ್ತದೆ ಅನ್ನುವುದು ಅಲ್ಲಿ ಗೊತ್ತಾಯಿತು, ಅಷ್ಟೇ.

"ಕೋರ್ಟ್ ಮೊದಲು ಹೇಳಲಿ" ಅನ್ನುವುದೂ ನಿಲ್ಲುವುದಿಲ್ಲ. 2013ರ ಐಪಿಎಲ್ ಸ್ಪಾಟ್ ಫಿಕ್ಸಿಂಗ್‌ನಲ್ಲಿ ಶ್ರೀಶಾಂತ್‌ಗೆ ಮಂಡಳಿ ಆಜೀವ ನಿಷೇಧ ಹಾಕಿತು. 2015ರಲ್ಲಿ ದೆಹಲಿ ಕೋರ್ಟ್ ಅವರನ್ನ ಕೇಸಿನಿಂದ ಕೈಬಿಟ್ಟಿತು. ಮಂಡಳಿ ನಿಷೇಧ ತೆಗೆಯಲಿಲ್ಲ. ನಮ್ಮ ಶಿಸ್ತು ಕ್ರಮ ಬೇರೆ, ಕ್ರಿಮಿನಲ್ ಕೇಸು ಬೇರೆ ಅಂತಲೇ ವಾದ ಮಾಡಿತು. ಕೊನೆಗೆ 2019ರಲ್ಲಿ ಸುಪ್ರೀಂ ಕೋರ್ಟ್ ಆಜೀವ ನಿಷೇಧ ಅತಿಯಾಯಿತು, ಶಿಕ್ಷೆಯ ಪ್ರಮಾಣ ಮತ್ತೆ ನೋಡಿ ಅಂದಿತು, ಅದು 7 ವರ್ಷಕ್ಕೆ ಇಳಿಯಿತು. ಆಟಕ್ಕೆ ಮೋಸವಾದಾಗ ಮಂಡಳಿಗೆ ಇಷ್ಟು ಚೆನ್ನಾಗಿ ಗೊತ್ತಿರುವ ಕಾನೂನು, ಹೆಂಗಸಿಗೆ ಏಟು ಬಿದ್ದಾಗ ಯಾಕೆ ಮರೆತುಹೋಗಬೇಕು? ನನಗೆ ಸಿಟ್ಟು ಬರುವುದು ಇಲ್ಲಿಯೇ.

ಒಂದು ಕಷ್ಟವನ್ನ ಮಾತ್ರ ಯಾರೂ ಹಗುರವಾಗಿ ನೋಡಬಾರದು. ಗಂಡನ ಸಂಬಳ ನಿಂತರೆ ಹೆಂಡತಿ ಮಕ್ಕಳ ಅನ್ನವೂ ನಿಲ್ಲುತ್ತದೆ. "ದೂರು ಕೊಟ್ರೆ ಅವರ ಕೆಲಸ ಹೋಗುತ್ತಲ್ರಿ, ಮಕ್ಕಳ ಫೀಸು ಯಾರು ಕಟ್ತಾರೆ?" ಇದನ್ನ ಕೇಳದ ಹೆಂಗಸು ನನ್ನ ಆಫೀಸಿಗೆ ಬಂದದ್ದು ಕಡಿಮೆ. ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕವರ ಮನೆಯಲ್ಲಂತೂ ಈ ಭಯ ಇನ್ನೂ ಜಾಸ್ತಿ. ಶಿಕ್ಷೆ ಬರೀ ಕಠಿಣವಾದಷ್ಟೂ ಆಕೆ ಬಾಯಿ ಬಿಡುವುದು ಕಷ್ಟವಾಗುತ್ತದೆ. ಹಾಗಾಗಿ ನಿಯಮ ಬರೆಯುವಾಗ ಮೊದಲ ಸಾಲು ದಂಡದ್ದಾಗಬಾರದು. ಆಕೆಯ ಮಾತನ್ನ ಬೇರೆ ಕೋಣೆಯಲ್ಲಿ, ತಂಡಕ್ಕೆ ಸಂಬಂಧ ಇಲ್ಲದವರು ಕೇಳಬೇಕು, ಹೆಸರು ಹೊರಗೆ ಬರಬಾರದು. ಕಡಿತ ಮಾಡಿದ ಹಣದಲ್ಲಿ ಮನೆ ಖರ್ಚಿನ ಪಾಲು ನೇರ ಆಕೆಯ ಖಾತೆಗೆ ಹೋಗಬೇಕು.

ಈ ಕೊನೆಯದಕ್ಕೆ ಹೊಸ ಕಾನೂನು ಬರಲಿ ಅಂತ ಕಾಯುತ್ತಾ ಕೂರುವ ಅಗತ್ಯವಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20ನೇ ಕಲಮಿನ 6ನೇ ಉಪಕಲಮು ತೆಗೆದು ಓದಿ. ಮ್ಯಾಜಿಸ್ಟ್ರೇಟರು ಹೇಳಿದ ಹಣವನ್ನ ಗಂಡ ಕೊಡದೆ ಹೋದರೆ, ಆತನಿಗೆ ಕೆಲಸ ಕೊಟ್ಟವರಿಗೋ, ಆತನಿಗೆ ಹಣ ಕೊಡಬೇಕಾದವರಿಗೋ, ಅದರಲ್ಲಿ ಒಂದು ಪಾಲನ್ನ ನೇರ ಹೆಂಡತಿಗೆ ಕೊಡಿ ಅಥವಾ ಕೋರ್ಟಿಗೆ ಕಟ್ಟಿ ಅಂತ ಆದೇಶ ಮಾಡಬಹುದು. ಸಂಬಳ ಕೊಡುವ ಇಲಾಖೆಯೂ ಅದರಲ್ಲಿ ಬರುತ್ತದೆ, ಹರಾಜಿನಲ್ಲಿ ಕೊಂಡ ಫ್ರಾಂಚೈಸಿಯೂ ಬರುತ್ತದೆ. ನನ್ನ ಲೆಕ್ಕದಲ್ಲಿ ಬಹುಮಾನದ ಹಣ ಬಾಕಿ ಉಳಿಸಿಕೊಂಡ ಟೂರ್ನಿಯವರೂ ಬರುತ್ತಾರೆ. ಅರ್ಜಿ ಹಾಕುವಾಗ ಗಂಡ ಯಾವ ತಂಡಕ್ಕೆ ಆಡುತ್ತಾನೆ, ಹಣ ಎಲ್ಲಿಂದ ಬರುತ್ತದೆ, ಒಪ್ಪಂದದ ಪ್ರತಿ ಇದ್ದರೆ ಅದು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಇಷ್ಟನ್ನ ವಕೀಲರ ಕೈಗೆ ಕೊಡಿ. ವಕೀಲರು ಇನ್ನೂ ಸಿಕ್ಕಿಲ್ಲ ಅಂದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಇಲ್ಲವೇ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ ಸಂರಕ್ಷಣಾಧಿಕಾರಿಯನ್ನ ಕೇಳಿ. ಅಲ್ಲಿ ಹೇಳಿಕೆ ಬರೆಸುವಾಗ ಗಂಡನ ಕಡೆಯವರು ಯಾರಾದರೂ ಜೊತೆಗೆ ಬಂದಿದ್ದರೆ, ಅವರನ್ನ ಹೊರಗೆ ಕೂರಿಸಿ ಅಂತ ಬಾಯಿಬಿಟ್ಟು ಹೇಳಿ.