ಹದಿಹರೆಯದ ಕುಡಿತ ಮತ್ತು ಜೀನ್: ಇಲಿ ಪ್ರಯೋಗಗಳನ್ನು ಓದುವ ಬಗೆ

ಬಾಗಲಕೋಟೆಯ ನಮ್ಮ ಓದಿನ ಗುಂಪಿನಲ್ಲಿ ಹದಿಹರೆಯದ ಇಲಿಗಳಿಗೆ ಆಲ್ಕೋಹಾಲ್ ಕೊಟ್ಟು ನೋಡುವ ಪ್ರಯೋಗಗಳ ಪಾಠ ತೆಗೆದ ಕೂಡಲೇ ಬಂದ ಪ್ರಶ್ನೆ, “ಹಂಗಾರ ಕುಡಿತದ ಜೀನ್ ಯಾವುದ್ರೀ?” ಅಂಥ ಒಂದು ಜೀನ್ ಇಲ್ಲ. ಅದಕ್ಕಿಂತ ಮೊದಲು ನೋಡಬೇಕಾದದ್ದು ಪ್ರಯೋಗದಲ್ಲಿ ಏನನ್ನು ಅಳೆದರು ಎಂಬುದನ್ನು.

ಸಾಮಾನ್ಯವಾಗಿ ಇಲಿಯ ಪಂಜರಕ್ಕೆ ಎರಡು ಬಾಟಲಿ ಕಟ್ಟುತ್ತಾರೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಶೇ. 10ರ ಆಲ್ಕೋಹಾಲ್. ಮರುದಿನ ಬಾಟಲಿ ತೂಗಿ, ಕಡಿಮೆಯಾದದ್ದನ್ನು ಲೆಕ್ಕ ಹಾಕುತ್ತಾರೆ. ಸೋರಿದ್ದನ್ನು ಕಳೆಯಲು ಪಕ್ಕದ ಖಾಲಿ ಪಂಜರಕ್ಕೂ ಅಂಥದ್ದೇ ಬಾಟಲಿ ಇರುತ್ತದೆ. ಮಿಲಿಲೀಟರ್ ನೋಡಿ ಮೋಸ ಹೋಗಬೇಡಿ, ಎಣಿಸುವುದು ಪ್ರತಿ ಕಿಲೋ ದೇಹತೂಕಕ್ಕೆ ಎಷ್ಟು ಗ್ರಾಂ ಎಂದು. 300 ಗ್ರಾಂ ತೂಕದ, ಬೆಳೆದ ರ‍್ಯಾಟ್ 19 ಮಿ.ಲೀ. ಕುಡಿದರೆ ಕಿಲೋಗೆ ಸುಮಾರು 5 ಗ್ರಾಂ. 100 ಗ್ರಾಂನ ಮರಿ ಬರೀ 10 ಮಿ.ಲೀ. ಕುಡಿದರೂ ಸುಮಾರು 8 ಗ್ರಾಂ! ಬಾಟಲಿಯಲ್ಲಿ ಕಡಿಮೆ ಕಂಡದ್ದು ಮೈಗೆ ಹೆಚ್ಚೇ ಬಿದ್ದಿದೆ.

ಇನ್ನು ತಳಿ. ಮುಧೋಳ ನಾಯಿಯನ್ನು ಓಟಕ್ಕೆ ಆರಿಸಿ ಬೆಳೆಸಿದ ಹಾಗೆ, ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ವಿಸ್ಟಾರ್ ಎಂಬ ಲ್ಯಾಬ್ ತಳಿಯ ರ‍್ಯಾಟ್‌ಗಳಿಂದ ಹೆಚ್ಚು ಕುಡಿಯುವವನ್ನೇ ಆರಿಸಿ ಕೂಡಿಸುತ್ತ ‘ಪಿ’ ತಳಿ, ಕುಡಿಯದವನ್ನು ಕೂಡಿಸುತ್ತ ‘ಎನ್‌ಪಿ’ ತಳಿ ಮಾಡಿದರು. ಪಿ ಎನಿಸಿಕೊಳ್ಳಲು ದಿನಕ್ಕೆ ಕಿಲೋಗೆ 5 ಗ್ರಾಂ ದಾಟಬೇಕು, ಎನ್‌ಪಿ 1.5ರ ಕೆಳಗಿರಬೇಕು. ಆಯ್ಕೆಯಿಂದಲೇ ಇಷ್ಟು ಅಂತರ ಬಂತೆಂದರೆ ವಂಶದ ಪಾತ್ರ ಗಟ್ಟಿ.

ನನಗೆ ಎಲ್ಲಕ್ಕಿಂತ ರುಚಿಸಿದ್ದು ರ‍್ಯಾಟ್‌ಗಿಂತ ಚಿಕ್ಕ ಇಲಿಯಾದ ಮೌಸ್‌ಗಳ ಕಥೆ. ಸಿ57ಬಿಎಲ್/6 ತಳಿ ಆಲ್ಕೋಹಾಲ್ ಬಾಟಲಿಗೇ ಹೋಗುತ್ತದೆ, ಡಿಬಿಎ/2 ಮೂಸಿಯೂ ನೋಡದು. 1959ರಿಂದಲೇ ತಳಿತಳಿಗಳ ನಡುವಿನ ಈ ವ್ಯತ್ಯಾಸ ಗೊತ್ತಿದೆ. ಹಾಗಾದರೆ ಡಿಬಿಎಗೆ ಅಮಲು ಹಿಡಿಸುವುದಿಲ್ಲವೇ? ಒಂದು ಬಗೆಯ ನೆಲದ ಮೇಲೆ ಬಿಟ್ಟಾಗ ಆಲ್ಕೋಹಾಲ್ ಚುಚ್ಚಿ, ಇನ್ನೊಂದು ನೆಲದ ಮೇಲೆ ಬರೀ ಸಲೈನ್ (ಉಪ್ಪುನೀರು) ಚುಚ್ಚಿ, ಆಮೇಲೆ ಎರಡೂ ಕಡೆ ಓಡಾಡಲು ಬಿಟ್ಟರೆ, ಆಲ್ಕೋಹಾಲ್ ಸಿಕ್ಕಿದ್ದ ನೆಲಕ್ಕೆ ಜೋರಾಗಿ ಒಲಿಯುವುದು ಈ ಡಿಬಿಎಯೇ! ಬಾಯಿಗೆ ಬೇಡ, ಮಿದುಳಿಗೆ ಬೇಕು. ರುಚಿಯ ಜೀನ್ ಬೇರೆ, ಸುಖದ ಜೀನ್ ಬೇರೆ ಇರಬಹುದು. ‘ಕುಡಿಯುವುದಿಲ್ಲ’ ಎಂಬ ಒಂದೇ ಸಾಲಿನ ಫಲಿತಾಂಶವನ್ನು ನಾನಂತೂ ಇನ್ನು ಹಾಗೇ ನುಂಗುವುದಿಲ್ಲ.

ಇದು ಬರೀ ಒಂದು ಲ್ಯಾಬಿನ ಮಾತೂ ಅಲ್ಲ. 1999ರಲ್ಲಿ ಆಲ್ಬನಿ, ಎಡ್ಮಂಟನ್, ಪೋರ್ಟ್‌ಲ್ಯಾಂಡ್ ಲ್ಯಾಬುಗಳು ಒಂದೇ ತಳಿಗಳ ಮೇಲೆ ಒಂದೇ ವಿಧಾನದಲ್ಲಿ ಪರೀಕ್ಷೆ ಮಾಡಿದವು. ಕೆಲವು ವರ್ತನೆಗಳ ಫಲಿತಾಂಶ ಊರೂರಿಗೆ ಬದಲಾಯಿತು. ಆಲ್ಕೋಹಾಲ್ ಒಲವಿನ ತಳಿ ವ್ಯತ್ಯಾಸ ಮಾತ್ರ ಮೂರೂ ಕಡೆ ನಿಂತಿತು.

ವಯಸ್ಸಿನ ತೊಡಕು ನೋಡ್ರಿ. ರ‍್ಯಾಟ್‌ಗೆ ಹದಿಹರೆಯ ಎಂದರೆ ಹುಟ್ಟಿದ 28ರಿಂದ 42ನೇ ದಿನದವರೆಗೆ, ಕೆಲವರು 60ರವರೆಗೂ ಹಿಡಿಯುತ್ತಾರೆ. ವಾರಗಟ್ಟಲೆ ಕುಡಿತ ರೂಢಿಸುವಷ್ಟರಲ್ಲಿ ಪ್ರಾಯ ಮುಗಿದಿರುತ್ತದೆ. ಅದಕ್ಕೇ ಕತ್ತಲಾದ ಮೂರು ತಾಸಿಗೆ ಶೇ. 20ರ ಬಾಟಲಿಯನ್ನು ಎರಡು-ನಾಲ್ಕು ತಾಸು ಮಾತ್ರ ಇಡುವ ವಿಧಾನ ಇಲ್ಲಿ ಉಪಯೋಗ. ಎಳೆಯವು ತೂಕಕ್ಕೆ ಹೋಲಿಸಿದರೆ ದೊಡ್ಡವಕ್ಕಿಂತ ಹೆಚ್ಚು ಕುಡಿಯುತ್ತವೆ. ತೂಕಡಿಕೆ, ತೂರಾಟ ಅವಕ್ಕೆ ಕಡಿಮೆ, ಆದ್ದರಿಂದ ‘ಸಾಕು’ ಎನ್ನುವ ಸೂಚನೆ ತಡವಾಗಿ ಬರುತ್ತದೆ. ಈ ಬಗೆಯ ದೇಹಕ್ಕೆ ಪಿ ತಳಿಯ ವಂಶವೂ ಸೇರಿದಾಗ ಹಾಲು ಬಿಟ್ಟ ಸ್ವಲ್ಪ ದಿನಕ್ಕೇ ಕುಡಿತ ಏರುತ್ತದೆ.

ಜೀನ್ ಹೆಸರು ಕೇಳಿದರೆ Grm2 ಅನ್ನುವ ಜೀನನ್ನು ನೆನಪಿಡಿ, ಕನ್ನಡದಲ್ಲಿ ‘ಜಿಆರ್‌ಎಂ2’ ಅಂತ ಬರೆದರೂ ನಡೆಯುತ್ತದೆ. 2013ರಲ್ಲಿ ಪಿ ರ‍್ಯಾಟ್‌ಗಳಲ್ಲಿ ಈ ಜೀನಿನ ನಡುವೆಯೇ ‘ಇಲ್ಲಿಗೆ ನಿಲ್ಲಿಸು’ ಎನ್ನುವ ಸಂಕೇತ ಸಿಕ್ಕಿತು, ಹೀಗಾಗಿ ಮಿದುಳಿನಲ್ಲಿ ಸಂದೇಶ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕದ ಬಿಡುಗಡೆಗೆ ಕಡಿವಾಣ ಹಾಕುವ ಗ್ರಾಹಕವೇ (ರಿಸೆಪ್ಟರ್) ಇಲ್ಲ. ಆದರೆ ಕೆಲವು ಸಾಮಾನ್ಯ ವಿಸ್ಟಾರ್ ರ‍್ಯಾಟ್‌ಗಳಲ್ಲೂ ಇದೇ ಬದಲಾವಣೆ ಇದೆ, ಇದೊಂದರಿಂದಲೇ ಪಿ ತಳಿಯ ಕುಡಿತ ವಿವರಿಸಲಾಗದು.

ಪರೀಕ್ಷೆಯಲ್ಲಿ ‘ಜೀನ್ ಮತ್ತು ಪರಿಸರ’ ಎಂದು ಬಂದರೆ ರೀಸಸ್ ಮಂಗಗಳನ್ನು ಬರೆಯಿರಿ. ಮಿದುಳಿನ ಇನ್ನೊಂದು ಸಂದೇಶ ರಾಸಾಯನಿಕ ಸೆರೋಟೋನಿನ್ ಅನ್ನು ಸಾಗಿಸುವ ಪ್ರೋಟೀನಿನ ಜೀನಿನ ಚಿಕ್ಕ ರೂಪವಿದ್ದು, ತಾಯಿಯಿಲ್ಲದೆ ಓರಗೆಯವರ ಜೊತೆ ಬೆಳೆದ ಮರಿಗಳಲ್ಲಿ ಆಲ್ಕೋಹಾಲ್ ಒಲವು ಹೆಚ್ಚಿತ್ತು. ಅವೆಲ್ಲ ಹೆಣ್ಣು ಮಂಗಗಳು ಎಂಬುದನ್ನು ಬರೆಯಲು ಮರೆಯಬೇಡಿ.