ದೃಷ್ಟಿ ತೆಗೆದ ಉಪ್ಪು ಮತ್ತು ಜಮಖಂಡಿಯ ಮೇಲಿನ ಸೂರ್ಯ

ಮನೆಯಲ್ಲಿ ಮಗು ಊಟ ಬಿಟ್ಟರೆ, ರಾತ್ರಿ ರಚ್ಚೆ ಹಿಡಿದರೆ, ನಮ್ಮಜ್ಜಿಯ ಕೈ ಮೊದಲು ಹೋಗುತ್ತಿದ್ದುದು ಉಪ್ಪಿನ ಮರಿಗೆಗೆ. ಒಂದು ಹಿಡಿ ಕಲ್ಲುಪ್ಪು, ನಾಲ್ಕು ಒಣಮೆಣಸಿನಕಾಯಿ, ಒಂದಿಷ್ಟು ಸಾಸಿವೆ. ಮಗುವಿನ ಮುಖದ ಮುಂದೆ ಮೂರು ಸಲ ನಿವಾಳಿಸಿ, ಯಾರ ಕಣ್ಣೋ ಏನೋ ಅಂತ ಗೊಣಗುತ್ತಾ ಉರಿಯುವ ಒಲೆಗೆ ಹಾಕುತ್ತಿದ್ದರು. ಚಟಪಟ ಅಂತ ಸದ್ದು. "ನೋಡಿದ್ಯಾ, ಮಗೂಗೆ ಎಷ್ಟು ದೃಷ್ಟಿ ಆಗಿತ್ತು!" ಮೆಣಸಿನಕಾಯಿಯ ಘಾಟು ಬರಲಿಲ್ಲ ಎಂದರೆ ಇನ್ನೂ ಜಾಸ್ತಿ ದೃಷ್ಟಿ ಆಗಿತ್ತು ಎಂದು ಅರ್ಥ. ಎಲ್ಲರೂ ಸದ್ದು ಕೇಳುತ್ತಿದ್ದರು, ಮೂಗು ಅರಳಿಸುತ್ತಿದ್ದರು. ನನಗೆ ಮಾತ್ರ ಬೆಂಕಿಯ ಮೇಲೇ ಕಣ್ಣು. ಉಪ್ಪು ಬಿದ್ದ ಕೂಡಲೇ ಉರಿಗೆ ಬೇರೆಯದೇ ಒಂದು ಹಳದಿ ಬರುತ್ತಿತ್ತು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಸದ್ದಿನ ಕಾರಣ ಸರಳ. ಸಮುದ್ರದ ನೀರು ಗದ್ದೆಯಲ್ಲಿ ಒಣಗಿ ಕಲ್ಲುಪ್ಪು ಆಗುವಾಗ ಹರಳಿನ ಒಳಗೆ ಅಲ್ಲಲ್ಲಿ ಉಪ್ಪುನೀರಿನ ಸಣ್ಣ ಹನಿಗಳು ಸಿಕ್ಕಿಕೊಳ್ಳುತ್ತವೆ. ಬೆಂಕಿಗೆ ಬಿದ್ದಾಗ ಆ ಹನಿ ಹಬೆಯಾಗುತ್ತದೆ. ಹಬೆಗೆ ಜಾಗ ಸಾಲದೆ ಹರಳು ಸಿಡಿಯುತ್ತದೆ. ಸಾಣಿಕಟ್ಟೆಯ ದಪ್ಪ ಉಪ್ಪು ಹಾಕಿದರೆ ಸದ್ದು ಜೋರು, ಪ್ಯಾಕೆಟ್ಟಿನ ಪುಡಿ ಉಪ್ಪು ಹಾಕಿದರೆ ಸಪ್ಪೆ. ಯಾವ ಮಗುವಿಗೆ ನಿವಾಳಿಸಿದರೂ ಅಷ್ಟೇ. ಯಾರಿಗೂ ನಿವಾಳಿಸದೆ ಸುಮ್ನೆ ಹಾಕಿದರೂ ಅಷ್ಟೇ. ಘಾಟಿನ ಲೆಕ್ಕವೂ ಬೆಂಕಿ ಎಷ್ಟು ಜೋರಾಗಿದೆ, ಹೊಗೆ ಯಾವ ಕಡೆ ಹೋಗುತ್ತಿದೆ ಎನ್ನುವುದರ ಮೇಲೆ ನಿಂತಿದೆ.

ಅಜ್ಜಿಯ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಸಂಬಂಧಿಕರ ಮನೆಯೊಂದರಲ್ಲಿ ಜ್ವರದ ಮಗುವಿಗೆ ಎರಡು ದಿನ ದೃಷ್ಟಿ ತೆಗೆಯುತ್ತಾ ಕೂತರು. ಮೂರನೆಯ ದಿನ ಡಾಕ್ಟರ ಹತ್ತಿರ ಓಡಿದರು. ಮಗು ಉಳಿಯಿತು. ಆ ಎರಡು ದಿನದ ಭಯ ಇನ್ನೂ ನನ್ನೊಳಗಿದೆ. ಚಟಪಟ ಸದ್ದನ್ನು ರೋಗದ ಅಳತೆ ಎಂದು ನಂಬಿದ್ದರಿಂದ ಆದದ್ದು ಅದು.

ಈಗ ಹಳದಿಗೆ ಬರೋಣ. ಮೊದಲು ಒಂದು ಗೊಂದಲ ಬಿಡಿಸಬೇಕು. ಸೌದೆಯ ಉರಿ, ಹಣತೆಯ ಉರಿ ಹಳದಿಯಾಗಿ ಕಾಣುವುದು ಉಪ್ಪಿನಿಂದಲ್ಲ. ಅಲ್ಲಿ ಹೊಳೆಯುವುದು ಕಾದ ಮಸಿಯ ಕಣಗಳು. ಮಸಿ ಎಲ್ಲಾ ಬಣ್ಣಗಳನ್ನೂ ಬಿಡುತ್ತದೆ. ಕೆಂಪು, ಹಳದಿ ಜಾಸ್ತಿ, ನೀಲಿ ಕಡಿಮೆ, ಒಟ್ಟಾಗಿ ಕಣ್ಣಿಗೆ ಹಳದಿ. ಉಪ್ಪಿನ ಹಳದಿ ಹಾಗಲ್ಲ, ಅದು ಹೆಚ್ಚು ಕಡಿಮೆ ಒಂದೇ ಬಣ್ಣ. ಹಳೆಯ ಸಿಡಿ ಒಂದು ಇದ್ದರೆ ನೀವೇ ನೋಡಬಹುದು. ಕತ್ತಲೆಯಲ್ಲಿ ಹಣತೆ ಹಚ್ಚಿ, ಸಿಡಿಯ ಹೊಳೆಯುವ ಮೈಯಲ್ಲಿ ಅದರ ಬೆಳಕನ್ನು ಓರೆಯಾಗಿ ಹಿಡಿಯಿರಿ. ಇಡೀ ಕಾಮನಬಿಲ್ಲು ಕಾಣುತ್ತದೆ. ಆಮೇಲೆ ಗ್ಯಾಸ್ ಒಲೆಯ ನೀಲಿ ಉರಿಗೆ ಉಪ್ಪುನೀರಲ್ಲಿ ಅದ್ದಿದ ಸ್ಟೀಲ್ ಚಮಚದ ತುದಿ ಹಿಡಿಯಿರಿ. ಮಕ್ಕಳಿದ್ದರೆ ದೊಡ್ಡವರೇ ಹಿಡಿಯಲಿ, ಮುಖ ದೂರ ಇರಲಿ. ಸಿಡಿಯಲ್ಲಿ ಈಗ ಕಾಮನಬಿಲ್ಲಿಲ್ಲ. ಎದ್ದು ಕಾಣುವುದು ಒಂದು ಹಳದಿ ಉರಿಯ ಬಿಂಬ ಮಾತ್ರ.

ಒಂದೇ ಬಣ್ಣ ಏಕೆ? ನನ್ನ ಪಾಲಿಗೆ ಇದಕ್ಕಿಂತ ಚೆಂದದ ಪ್ರಶ್ನೆ ಇನ್ನೊಂದಿಲ್ಲ.

ಶಾಲೆಯಲ್ಲಿ ಸೋಡಿಯಂಗೆ 2, 8, 1 ಎಂದು ಬಾಯಿಪಾಠ ಮಾಡಿದ್ದೇವೆ. ಕೊನೆಯ ಆ ಒಂಟಿ ಎಲೆಕ್ಟ್ರಾನಿನದೇ ಈ ಕೆಲಸ. ಉಪ್ಪಿನಲ್ಲಿರುವುದು ಸೋಡಿಯಂ ಅಯಾನು, ಅಂದರೆ ಆ ಒಂಟಿ ಎಲೆಕ್ಟ್ರಾನನ್ನು ಕಳೆದುಕೊಂಡ ಪರಮಾಣು, ಹಾಗಾಗಿ ಹಳದಿ ಬೆಳಕು ಅಯಾನಿನದು ಎಂದು ಪಾಠ ಮಾಡುವವರು ಈಗಲೂ ಇದ್ದಾರೆ. ಅದು ತಪ್ಪು. ಅಯಾನಿನಲ್ಲಿ ಹನ್ನೊಂದನೆಯ ಎಲೆಕ್ಟ್ರಾನೇ ಇಲ್ಲವಲ್ಲ! ಉರಿಯಲ್ಲಿ ಉಪ್ಪು ಕರಗಿ ಆವಿಯಾಗುತ್ತದೆ. ಆ ಶಾಖಕ್ಕೆ ಸೋಡಿಯಂ ಬೇರೆ, ಕ್ಲೋರಿನ್ ಬೇರೆ ಆಗುತ್ತವೆ. ಹೀಗೆ ಬೇರೆಯಾಗುವಾಗ ಎಲೆಕ್ಟ್ರಾನು ಸೋಡಿಯಂ ಹತ್ತಿರಕ್ಕೇ ಮರಳುತ್ತದೆ. ಉರಿಯಲ್ಲಿ ಅಡ್ಡಾಡುವ ಬಿಸಿ ಅನಿಲದ ಅಣುಗಳು ಈ ಸೋಡಿಯಂ ಪರಮಾಣುವಿಗೆ ಡಿಕ್ಕಿ ಹೊಡೆಯುತ್ತವೆ. ಆ ಹೊಡೆತಕ್ಕೆ ಎಲೆಕ್ಟ್ರಾನು ಒಂದು ಹಂತ ಮೇಲೆ ಹೋಗಿ ಮತ್ತೆ ಇಳಿಯುತ್ತದೆ. ಇಳಿಯುವಾಗ ಬೆಳಕು.

ಮೆಟ್ಟಿಲು ಹತ್ತಿ ಇಳಿದ ಹಾಗೆ ಎಂದು ಪುಸ್ತಕಗಳು ಇಲ್ಲಿಗೆ ನಿಲ್ಲಿಸಿಬಿಡುತ್ತವೆ. ಆದರೆ ಆ ಮೆಟ್ಟಿಲುಗಳು ಎಲ್ಲಿಂದ ಬಂದವು? ಒಂದು ಹಗ್ಗದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಇನ್ನೊಂದು ತುದಿಯನ್ನು ಕೈಯಲ್ಲಿ ಆಡಿಸಿ. ಒಂದು ವೇಗದಲ್ಲಿ ಹಗ್ಗ ಒಂದೇ ಉಬ್ಬಾಗಿ ಕುಣಿಯುತ್ತದೆ. ಕೈ ಎರಡರಷ್ಟು ಬೇಗ ಆಡಿದರೆ ಎರಡು ಉಬ್ಬು, ಮೂರರಷ್ಟಾದರೆ ಮೂರು. ಒಂದೂವರೆ ಉಬ್ಬು ಮಾತ್ರ ಎಷ್ಟು ಹೆಣಗಿದರೂ ನಿಲ್ಲುವುದಿಲ್ಲ. ಕಟ್ಟಿಹಾಕಿದ ಅಲೆಯ ಸ್ವಭಾವವೇ ಅದು. ಎಲೆಕ್ಟ್ರಾನಿಗೂ ಅಲೆಯ ಗುಣ ಇದೆ ಎಂದು 1924ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ದ ಬ್ರಾಯ್ ಹೇಳಿದರು. 1926ರಲ್ಲಿ ಆಸ್ಟ್ರಿಯಾದ ಶ್ರೋಡಿಂಗರ್ ಆ ಅಲೆಯ ಲೆಕ್ಕ ಬರೆದರು. ಪರಮಾಣುವಿನ ನಡುವಿನ ಬೀಜ ಎಲೆಕ್ಟ್ರಾನನ್ನು ಹಿಡಿದು ಕಟ್ಟಿಹಾಕಿದೆ. ಹಾಗಾಗಿ ಅದೂ ಹಗ್ಗದಂತೆ ಕೆಲವೇ ಆಕಾರಗಳಲ್ಲಿ ನಿಲ್ಲಬಲ್ಲದು. ಆ ಆಕಾರಗಳೇ ಮೆಟ್ಟಿಲುಗಳು. ಒಂದೊಂದು ಆಕಾರಕ್ಕೂ ಅದರದೇ ಆದ ತಾಳ.

ಇಲ್ಲಿಗೆ ಹಗ್ಗವನ್ನು ಬಿಟ್ಟು ತಂಬೂರಿ ಹಿಡಿಯಬೇಕು. ಒಂದೇ ಆಕಾರದಲ್ಲಿ ಕೂತ ಎಲೆಕ್ಟ್ರಾನು ಬೆಳಕು ಬಿಡುವುದಿಲ್ಲ. ಅದರ ಅಲೆ ಒಳಗೊಳಗೇ ಮಿಡಿಯುತ್ತದೆ, ಆದರೆ ಮೋಡದಂತೆ ಹರಡಿದ ಅದರ ವಿದ್ಯುದಂಶ ಅಲ್ಲಾಡುವುದೇ ಇಲ್ಲ. ಬೆಳಕು ಬರುವುದು ಮೇಲಿನ ಆಕಾರ, ಕೆಳಗಿನ ಆಕಾರ ಎರಡೂ ಬೆರೆತಾಗ. ತಂಬೂರಿಯ ನಡುವಿನ ಎರಡು ತಂತಿಗಳನ್ನು ಶ್ರುತಿ ಮಾಡುವಾಗ ಗಮನಿಸಿದ್ದೀರಾ? ಒಂದು ಸೆಕೆಂಡಿಗೆ 200 ಸಲ, ಇನ್ನೊಂದು 203 ಸಲ ಮಿಡಿದರೆ, ಎರಡೂ ಸೇರಿ ವಂ... ವಂ... ವಂ... ಎಂದು ಸೆಕೆಂಡಿಗೆ ಮೂರು ಸಲ ಉಬ್ಬಿ ಇಳಿಯುತ್ತವೆ. ಆ ಮೂರು ಎನ್ನುವುದು ಯಾವ ತಂತಿಯದ್ದೂ ಅಲ್ಲ, ಎರಡರ ವ್ಯತ್ಯಾಸ. ಎಲೆಕ್ಟ್ರಾನಿನಲ್ಲೂ ಹೀಗೇ. ಎರಡು ಆಕಾರಗಳು ಬೆರೆತಾಗ ಆ ಮೋಡ ತೊಟ್ಟಿಲಿನ ಹಾಗೆ ಅತ್ತಿತ್ತ ತೂಗುತ್ತದೆ, ಅವುಗಳ ತಾಳದ ವ್ಯತ್ಯಾಸ ಎಷ್ಟೋ ಅಷ್ಟು ಸಲ. ತೂಗುವ ವಿದ್ಯುದಂಶ ಬೆಳಕಿನ ಅಲೆ ಎಬ್ಬಿಸುತ್ತದೆ, ಕೆರೆಯ ನೀರಲ್ಲಿ ಕೈ ಆಡಿಸಿದರೆ ಅಲೆ ಎದ್ದ ಹಾಗೆ. ಸೋಡಿಯಂನಲ್ಲಿ ಆ ವ್ಯತ್ಯಾಸ ಸೆಕೆಂಡಿಗೆ ಸುಮಾರು 509 ಲಕ್ಷ ಕೋಟಿ. ಎಲೆಕ್ಟ್ರಾನು ಇಳಿದು ಎಲ್ಲ ಮುಗಿಯಲು ಹಿಡಿಯುವ ಸಮಯ ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಸುಮಾರು 16 ಭಾಗ. ಅಷ್ಟರಲ್ಲೇ ಸುಮಾರು 80 ಲಕ್ಷ ತೂಗಾಟ! ಹೊರಡುವ ಬೆಳಕಿನ ತರಂಗಾಂತರ, ಅಂದರೆ ಒಂದು ಅಲೆಯ ಉದ್ದ, 589 ನ್ಯಾನೋಮೀಟರ್ (ಮೀಟರಿನ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗಕ್ಕೆ ನ್ಯಾನೋಮೀಟರ್ ಎನ್ನುತ್ತಾರೆ). ನಿಖರವಾಗಿ ನೋಡಿದರೆ 589.0 ಮತ್ತು 589.6 ಎಂದು ಅಕ್ಕಪಕ್ಕ ಎರಡು ಗೆರೆ. ಸಾಣಿಕಟ್ಟೆಯ ಉಪ್ಪಾದರೂ ಗುಜರಾತಿನ ಉಪ್ಪಾದರೂ ಇವೇ ಎರಡು ಗೆರೆ.

ಈ ಸಂಖ್ಯೆಗಳನ್ನು ಬೇಕೆಂದೇ ಕೊಡುತ್ತಿದ್ದೇನೆ. ನೆಗೆಟಿವ್ ವೈಬ್ರೇಶನ್ ಹೀರಲು ಮನೆಯ ಮೂಲೆಯಲ್ಲಿ ಬಟ್ಟಲು ಉಪ್ಪು ಇಡಿ ಎಂದು ವಾಟ್ಸಾಪಿನಲ್ಲಿ ದಿನಾ ಬರುತ್ತದೆ. ವೈಬ್ರೇಶನ್ ಎಂದರೆ ಮಿಡಿತ. ಮಿಡಿತ ಎಂದರೆ ಯಾವುದು ಮಿಡಿಯುತ್ತಿದೆ, ಸೆಕೆಂಡಿಗೆ ಎಷ್ಟು ಸಲ, ಯಾವುದರಲ್ಲಿ ಅಳೆದಿರಿ ಎಂಬ ಮೂರು ಪ್ರಶ್ನೆಗೂ ಉತ್ತರ ಇರಬೇಕು. ಒಲೆಗೆ ಬಿದ್ದ ಉಪ್ಪಿಗೆ ಮೂರಕ್ಕೂ ಉತ್ತರ ಇದೆ. ಮೂಲೆಯಲ್ಲಿ ಕೂತ ಉಪ್ಪು ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಿ ನೀರು ಬಿಡುತ್ತದೆ.

ಉಪ್ಪಿನ ಹಳದಿಯನ್ನು ಗಂಭೀರವಾಗಿ ನೋಡಿದವರ ಕಥೆಯೂ ಸೊಗಸಾಗಿದೆ. ಜರ್ಮನಿಯಲ್ಲಿ ಯೋಸೆಫ್ ಫ್ರೌನ್‌ಹೋಫರ್ ಎಂಬ ತಬ್ಬಲಿ ಹುಡುಗ ಗಾಜಿನ ಕೆಲಸ ಕಲಿಯಲು ಸೇರಿದ್ದ. 1801ರಲ್ಲಿ ಅವನಿದ್ದ ಮನೆ ಕುಸಿದು ಬಿತ್ತು. ಅವಶೇಷದಡಿಯಿಂದ ಅವನು ಜೀವಂತ ಬಂದ. ಆ ಪ್ರಾಂತ್ಯದ ದೊರೆಯೇ ಸ್ಥಳಕ್ಕೆ ಬಂದಿದ್ದ. ಅವನು ಕೊಟ್ಟ ಹಣದಿಂದ ಹುಡುಗ ಓದಿದ. 1814ರ ಹೊತ್ತಿಗೆ ಫ್ರೌನ್‌ಹೋಫರ್ ತಾನೇ ಮಾಡಿದ ಪಟ್ಟಕದಲ್ಲಿ ಸೂರ್ಯನ ಬೆಳಕನ್ನು ಬಿಡಿಸಿ, ಕಾಮನಬಿಲ್ಲಿನ ನಡುನಡುವೆ ನೂರಾರು ಕಪ್ಪು ಗೆರೆಗಳನ್ನು ಕಂಡರು. ಮುಖ್ಯವಾದವಕ್ಕೆ ಎ, ಬಿ, ಸಿ, ಡಿ ಎಂದು ಹೆಸರಿಟ್ಟರು. ಡಿ ಗೆರೆ ಇದ್ದದ್ದು ಹಳದಿಯಲ್ಲಿ, ದೀಪದ ಉರಿಯಲ್ಲಿ ಚೂರು ಸೋಡಿಯಂನಿಂದ ಹೊಳೆಯುವ ಹಳದಿ ಗೆರೆ ಇರುವ ಜಾಗದಲ್ಲೇ.

ಅದರ ಗುಟ್ಟು ಬಿಡಿಸಿದ್ದು ಹೈಡೆಲ್‌ಬರ್ಗಿನಲ್ಲಿ, 1859ರಲ್ಲಿ, ರಸಾಯನ ವಿಜ್ಞಾನಿ ಬುನ್ಸೆನ್ ಮತ್ತು ಭೌತವಿಜ್ಞಾನಿ ಕಿರ್ಕಾಫ್. ಜೋಕಾಲಿಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಅದು ಏರುತ್ತದೆ, ಅಲ್ವಾ? ಸೂರ್ಯನ ಹೊರಪದರದ ಸೋಡಿಯಂ ಒಳಗಿನಿಂದ ಬರುವ ಬೆಳಕಿನಲ್ಲಿ ತನ್ನ ತಾಳದ್ದನ್ನು ಮಾತ್ರ ಹೀರಿ ಸುತ್ತಲೂ ಚೆಲ್ಲುತ್ತದೆ. ನಮ್ಮ ಕಡೆಗೆ ಬರುವುದು ಕಡಿಮೆಯಾಗಿ ಅಲ್ಲಿ ಕಪ್ಪು ಗೆರೆ. ಅಡುಗೆಮನೆಯ ಉಪ್ಪಿನಲ್ಲಿರುವ ಸೋಡಿಯಂ ಸೂರ್ಯನಲ್ಲೂ ಇದೆ ಎಂದು ಗೊತ್ತಾಗಿದ್ದು ಹೀಗೆ. ಅವರ ಉಪಕರಣ ಎಷ್ಟು ಸೂಕ್ಷ್ಮವಾಗಿತ್ತು ಎಂದರೆ, ಕೋಣೆಯ ದೂರದ ಮೂಲೆಯಲ್ಲಿ ಸೋಡಿಯಂ ಇರುವ 3 ಮಿಲಿಗ್ರಾಂ ಲವಣವನ್ನು ಸಿಡಿಸಿದರೆ, ಕೆಲವೇ ನಿಮಿಷದಲ್ಲಿ ಇತ್ತ ಕಡೆಯ ಉರಿಯಲ್ಲಿ ಹಳದಿ ಗೆರೆ ಹೊಳೆಯುತ್ತಿತ್ತು. ಧೂಳು ಹಿಡಿದ ಪುಸ್ತಕವನ್ನು ಗ್ಯಾಸ್ ಉರಿಯ ಹತ್ತಿರ ತಟ್ಟಿ ನೋಡಿ, ಉರಿಯಲ್ಲಿ ಹಳದಿ ಚುಕ್ಕೆಗಳು ಮಿಂಚುತ್ತವೆ.

ಇನ್ನು ಜಮಖಂಡಿ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ದಖ್ಖನ್ನಿನ ಮೇಲೆ ಹಾದುಹೋಯಿತು. ಆಗ ಪಟವರ್ಧನರ ಸಂಸ್ಥಾನವಾಗಿದ್ದ, ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಸ್ಕೋಪ್ ಹಿಡಿದು ನಿಂತಿದ್ದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ. ಇವರ ತಂದೆಯ ಹೆಸರೂ ಜಾನ್. 1820ರ ದಶಕದಲ್ಲೇ ಬೇರೆ ಬೇರೆ ಲವಣಗಳನ್ನು ಉರಿಗೆ ಹಿಡಿದು, ಬಣ್ಣ ನೋಡಿ ವಸ್ತುವನ್ನು ಗುರುತಿಸಬಹುದು ಎಂದಿದ್ದವರು ಆ ತಂದೆ. ಅಪ್ಪ ಉರಿಯಲ್ಲಿ ನೋಡಿದ್ದನ್ನು ಮಗ ಸೂರ್ಯನ ಅಂಚಿನಲ್ಲಿ ಹುಡುಕಲು ನಮ್ಮ ಊರಿಗೆ ಬಂದಿದ್ದರು! ಆವತ್ತು ಮೋಡ ಕಾಡಿತು. ಮೋಡ ಸರಿದ ಚೂರು ಹೊತ್ತಿನಲ್ಲಿ, ಸೂರ್ಯನ ಅಂಚಿನಿಂದ ಚಾಚಿದ ಕಾದ ಅನಿಲದ ನಾಲಗೆಯೊಂದರ ಬೆಳಕಿನಲ್ಲಿ ಮೂರು ಹೊಳೆಯುವ ಗೆರೆ ಕಂಡವು. ಕೆಂಪು, ಕಿತ್ತಳೆ, ನೀಲಿ. ಕಿತ್ತಳೆ ಗೆರೆ ಡಿ ಗೆರೆಯೇ, ಅಂದರೆ ಸೋಡಿಯಂನದೇ ಎಂದು ಹರ್ಷೆಲ್ ತಿಳಿದರು.

ಅದು ಸೋಡಿಯಂ ಆಗಿರಲಿಲ್ಲ, ಆಗ ಯಾರಿಗೂ ಗೊತ್ತಿರದ ಹೀಲಿಯಂ ಎಂಬ ಧಾತುವಿನ ಗೆರೆ. ಅದರ ತರಂಗಾಂತರ 587.6 ನ್ಯಾನೋಮೀಟರ್. ಉಪ್ಪಿನ ಗೆರೆಗಿಂತ 1.4 ನ್ಯಾನೋಮೀಟರ್ ಆಚೆ. ಅವಸರದಲ್ಲಿ, ಮೋಡದ ಸಂದಿನಲ್ಲಿ ಅಷ್ಟು ಸಣ್ಣ ಅಂತರ ಹಿಡಿಯುವುದು ಸುಲಭವಲ್ಲ. ಇವತ್ತು ಹೀಲಿಯಂ ಪತ್ತೆಯಾದದ್ದು ಗುಂಟೂರಿನಲ್ಲಿ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಅದೇ ಗ್ರಹಣವನ್ನು ಗುಂಟೂರಿನಿಂದ ನೋಡಿದ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಅವರ ನಿಜವಾದ ಸಾಧನೆ ಬೇರೆ: ಗ್ರಹಣ ಇಲ್ಲದಾಗಲೂ ಆ ಗೆರೆಗಳನ್ನು ನೋಡುವ ದಾರಿ ಕಂಡು, ಮಾರನೆಯ ದಿನವೇ ನೋಡಿದರು. ಅದೇ ದಾರಿಯನ್ನು ತಾವೇ ಕಂಡುಕೊಂಡ ಖಗೋಳ ವಿಜ್ಞಾನಿ ಲಾಕ್ಯರ್, ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಕೂತು, ಆ ಗೆರೆ ಸೋಡಿಯಂ ಜಾಗದಲ್ಲಿಲ್ಲ ಎಂದು ಗುರುತಿಸಿದರು. ಭೂಮಿಯ ಮೇಲೆ ಹೀಲಿಯಂ ಸಿಕ್ಕಿದ್ದು 1895ರಲ್ಲಿ, ರಸಾಯನ ವಿಜ್ಞಾನಿ ರಾಮ್ಸೆ ಅವರಿಗೆ, ಯುರೇನಿಯಂ ಇರುವ ಒಂದು ಖನಿಜದಲ್ಲಿ. ಎಂಆರ್‌ಐ ಯಂತ್ರದ ಅಯಸ್ಕಾಂತವನ್ನು ತಣ್ಣಗಿಡುವುದು ಅದೇ ಹೀಲಿಯಂ.

ಅಂಥ ಗ್ರಹಣವನ್ನು ನಾವು ಬಾಗಿಲು ಹಾಕಿಕೊಂಡು ಕಳೆಯುತ್ತೇವೆ. 2019ರ ಡಿಸೆಂಬರ್ 26ರ ಗ್ರಹಣದ ದಿನ, ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ಕಲಬುರಗಿ ಹತ್ತಿರ ಅಂಗವಿಕಲ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಫೋಟೋ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಮೊನ್ನೆ ನನ್ನ ಮಗಳಿಗೆ ದೃಷ್ಟಿ ತೆಗೆಯಲು ಅಮ್ಮ ಉಪ್ಪು ಹಿಡಿದು ಬಂದರು. ಒಂದು ನಿಮಿಷ ಇರಮ್ಮ ಎಂದು ಅಡುಗೆಮನೆಯ ದೀಪ ಆರಿಸಿ, ಅವರ ಕೈಗೆ ಸಿಡಿ ಕೊಟ್ಟೆ. ಹಣತೆಯದು ನೋಡಿದರು, ಉಪ್ಪಿನದು ನೋಡಿದರು. ಮತ್ತೆ ಹಣತೆಯದು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮೆಣಸಿನಕಾಯಿ ಬೂದಿ ಹಾಕಿದ್ರೆ ಯಾವ ಬಣ್ಣ ಬರುತ್ತೆ?" ಅಂದರು. ಗಿಡದ ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದರ ಉರಿ ತಿಳಿ ನೇರಳೆ. ಆದರೆ ಚೂರು ಸೋಡಿಯಂ ಇದ್ದರೂ ಅದರ ಹಳದಿ ಆ ನೇರಳೆಯನ್ನು ಮುಚ್ಚಿಬಿಡುತ್ತದೆ. ನೋಡಬೇಕೆಂದರೆ ಹಳದಿಯನ್ನು ತಡೆಯುವ ಕೋಬಾಲ್ಟಿನ ನೀಲಿ ಗಾಜು ಬೇಕು. ಎರಡು ದಿನದಿಂದ ಅಂಥದ್ದೊಂದು ಗಾಜಿನ ತುಂಡು ಹುಡುಕುತ್ತಿದ್ದೇನೆ.