ಎರಡು ಚೌಕಗಳ ನಡುವೆ ಏನಿದೆ?

"ನನಗೆ ಚಿತ್ರ ಬರೆಯೋಕೆ ಬರಲ್ಲ, ಅದಕ್ಕೇ ಸ್ಟೋರಿಬೋರ್ಡ್ ಮಾಡಿಲ್ಲ." ಶೂಟಿಂಗ್‌ಗೆ ಮೊದಲು ಒಂದೊಂದು ಶಾಟನ್ನೂ ಒಂದೊಂದು ಚೌಕದಲ್ಲಿ ಗೀಚಿಟ್ಟುಕೊಳ್ಳುವುದೇ ಸ್ಟೋರಿಬೋರ್ಡ್. ಅದರ ಬಗ್ಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಇನ್ನೊಂದು ಬಗೆಯವರೂ ಇದ್ದಾರೆ. ಬಣ್ಣ ತುಂಬಿ, ನೆರಳು-ಬೆಳಕು ಹಾಕಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಂಥ ಚಿತ್ರಗಳನ್ನು ತರುತ್ತಾರೆ. ಈಗೀಗ ಅವನ್ನೂ ಎಐ ಬರೆದುಕೊಡುತ್ತದೆ ಬಿಡಿ. ನನ್ನ ಮಟ್ಟಿಗೆ ಇಬ್ಬರ ತಪ್ಪೂ ಒಂದೇ: ಸ್ಟೋರಿಬೋರ್ಡ್ ಅಂದರೆ ಚಿತ್ರಕಲೆ ಅಂದುಕೊಂಡಿದ್ದಾರೆ.

ನಾನು ವರ್ಷಗಟ್ಟಲೆ ಎಡಿಟಿಂಗ್‌ಗೆ ಕೂತು, ಆಮೇಲೆ ಶೂಟಿಂಗ್ ಕಡೆಗೆ ಹೋದವನು. ಬೇರೆಯವರು ಮರೆತು ಬಂದ ಶಾಟ್‌ಗಳ ಲೆಕ್ಕ ಚೆನ್ನಾಗಿ ಗೊತ್ತು. ಹಾಗಾಗಿ ಯಾರಾದರೂ ಬೋರ್ಡ್ ತೋರಿಸಿದರೆ ಚೌಕದ ಒಳಗೆ ನಾನು ಜಾಸ್ತಿ ನೋಡುವುದೇ ಇಲ್ಲ. ಮೂರನೇ ಚೌಕದಿಂದ ನಾಲ್ಕಕ್ಕೆ ಯಾಕೆ ಹೋಗುತ್ತಿದ್ದೀರಿ ಅಂತ ಕೇಳುತ್ತೇನೆ. ಹೆಚ್ಚಿನವರು ಸುಮ್ಮನಾಗುತ್ತಾರೆ.

ಒಂದು ಸಲ ಗಡಿಯಾರ ರಿಪೇರಿ ಮಾಡುವವರ ಬಗ್ಗೆ 3 ನಿಮಿಷದ ವಿಡಿಯೋ ಇತ್ತು. ಬೋರ್ಡ್‌ನಲ್ಲಿ 11 ಚೌಕ, ಹನ್ನೊಂದೂ ಸೊಂಟದಿಂದ ಮೇಲಿನ ಮಿಡ್ ಶಾಟ್. ಅವರು ಸೊಗಸಾಗಿ ಮಾತಾಡಿದರು, ನಡುವೆ ತಡವರಿಸಿದರು, ಎರಡನೇ ಟೇಕ್ ತೆಗೆದೆವು. ಮೊದಲನೆಯದರಲ್ಲಿ ಸ್ಕ್ರೂಡ್ರೈವರ್ ಬಲಗೈಲಿ, ಎರಡನೆಯದರಲ್ಲಿ ಎಡಗೈಲಿ. ಎರಡನ್ನೂ ಜೋಡಿಸಿದರೆ ತಲೆ ಟಕ್ ಅಂತ ಪಕ್ಕಕ್ಕೆ ಜಿಗಿಯುತ್ತದೆ, ಸ್ಕ್ರೂಡ್ರೈವರ್ ಮಾಯವಾಗಿ ಇನ್ನೊಂದು ಕೈಗೆ ಬರುತ್ತದೆ. ಬೆರಳ ತುದಿಯ ಚಿಮಟ, ಅದರಲ್ಲಿ ಸಿಕ್ಕಿಕೊಂಡ ಪುಟ್ಟ ಹಲ್ಲುಗಾಲಿ, ಇಷ್ಟರದು 5 ಸೆಕೆಂಡಿನ ಕ್ಲೋಸಪ್ ಇದ್ದಿದ್ದರೆ ಆ ಜಿಗಿತದ ಮೇಲೆ ಹೊದಿಸಿ ಮುಚ್ಚಬಹುದಿತ್ತು. ಇರಲಿಲ್ಲ. ಪುಣ್ಯಕ್ಕೆ 4ಕೆಯಲ್ಲಿ ತೆಗೆದಿದ್ದೆವು, ಕೊಡಬೇಕಾದ್ದು 1080 ಮಾತ್ರ. 4ಕೆಯ 3840 ಪಿಕ್ಸೆಲ್ ಅಗಲದಲ್ಲಿ 1080ಕ್ಕೆ ಸಾಕಾಗುವ 1920 ಅಗಲದಷ್ಟು ಮುಖದ ಭಾಗ ಕತ್ತರಿಸಿಕೊಂಡು ಕ್ಲೋಸಪ್ ಥರ ಮಾಡಿ ಪಾರಾದೆ. ಪ್ರತಿ ಸಲ ಹೀಗೆ ಪಾರಾಗುತ್ತೇವೆ ಅಂತ ಹೇಳಲಾರೆ. "ಎಡಿಟಿಂಗ್‌ನಲ್ಲಿ ನೋಡ್ಕೊಳ್ಳೋಣ" ಅನ್ನುವವರಿಗೆ ಒಂದೇ ಮಾತು. ತೆಗೆಯದೇ ಇರುವುದನ್ನು ನಾನು ಎಲ್ಲಿಂದ ನೋಡ್ಕೊಳ್ಳಲಿ?

ಹಾಗಾಗಿ ಪ್ರತಿ ಚೌಕದ ಕೆಳಗೂ ಒಂದು ಸಾಲು ಬರೆಯಿರಿ: ಇಲ್ಲಿಂದ ಮುಂದಕ್ಕೆ ಏನು ಎಳೆಯುತ್ತಿದೆ? ಅವನು ಕೆಳಗೆ ನೋಡಿದ. ಏನು ನೋಡಿದ ಅಂತ ನೋಡುವವರಿಗೆ ಕುತೂಹಲ. ಮುಂದಿನ ಶಾಟ್‌ನಲ್ಲಿ ಅದನ್ನು ತೋರಿಸಿ. ಇಷ್ಟೇ. ಬರೆಯೋಕೆ ಏನೂ ಹೊಳೆಯದಿದ್ದರೆ ಅಲ್ಲೊಂದು ಶಾಟ್ ಕಾಣೆಯಾಗಿದೆ, ಇಲ್ಲವೇ ಒಂದು ಶಾಟ್ ಸುಮ್ನೆ ಕೂತಿದೆ.

ಇನ್ನು ಬಾಣದ ಗುರುತು. ಕಡ್ಡಿ ಮನುಷ್ಯ ಸಾಕು, ಆದರೆ ಅವನು ಯಾವ ಕಡೆ ನೋಡುತ್ತಾನೆ ಅನ್ನುವ ಬಾಣ ಬೇಕೇ ಬೇಕು. ಇಬ್ಬರು ಮಾತಾಡುತ್ತಿದ್ದರೆ ಅವರ ನಡುವೆ ಒಂದು ಹಗ್ಗ ಕಟ್ಟಿದೆ ಅಂದುಕೊಳ್ಳಿ, ಕ್ಯಾಮೆರಾ ಹಗ್ಗದ ಒಂದೇ ಬದಿಯಲ್ಲಿರಲಿ. ಒಬ್ಬರನ್ನು ಈ ಬದಿಯಿಂದ, ಇನ್ನೊಬ್ಬರನ್ನು ಆ ಬದಿಯಿಂದ ತೆಗೆದರೆ ತೆರೆಯ ಮೇಲೆ ಇಬ್ಬರೂ ಬಲಕ್ಕೇ ನೋಡುತ್ತಾರೆ, ಇಬ್ಬರೂ ಸೇರಿ ಮೂರನೆಯವರಿಗೆ ಬೈಯುತ್ತಿರುವ ಹಾಗೆ. ಬೇಕೆಂದೇ ಹಗ್ಗ ದಾಟುವವರಿದ್ದಾರೆ, ಅದು ಬೇರೆ ಮಾತು. ಗೊತ್ತಿಲ್ಲದೆ ದಾಟಿದವರಿಗಷ್ಟೇ ಹೇಳುತ್ತಿದ್ದೇನೆ.

1930ರ ದಶಕದಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ಚಿತ್ರಗಳನ್ನು ಬಿಡಿ ಹಾಳೆಗಳಲ್ಲಿ ಬರೆದು ಬೋರ್ಡ್‌ಗೆ ಪಿನ್ ಮಾಡುತ್ತಿದ್ದರು. ಈ ಕಥೆಯಲ್ಲಿ ನನಗಿಷ್ಟವಾಗುವುದು ಪಿನ್ನು. ಕಿತ್ತು ಆಚೆ ಚುಚ್ಚಬಹುದು, ಬೇಡವೆಂದರೆ ಬಿಸಾಡಬಹುದು. ಅದಕ್ಕೇ ಒಂದೊಂದು ಶಾಟ್‌ಗೆ ಒಂದೊಂದು ಚೀಟಿ ಮಾಡಿ ಅನ್ನುತ್ತೇನೆ. ಮೊಬೈಲ್‌ಗೆ ಮಾಡುವ ವಿಡಿಯೋ ಆದರೆ ಚೀಟಿಯನ್ನೇ ಉದ್ದಕ್ಕೆ, 9:16 ಅಳತೆಗೆ ಕತ್ತರಿಸಿ. ಮೂವರನ್ನು ಸಾಲಾಗಿ ನಿಲ್ಲಿಸಿದರೆ ಹಿಡಿಸುವುದಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಶೂಟಿಂಗ್ ದಿನ ಕಥೆಯ ಕ್ರಮ ಬಿಟ್ಟು, ಕ್ಯಾಮೆರಾ ಎಲ್ಲಿಡುತ್ತೀರೋ ಅದರ ಪ್ರಕಾರ ಚೀಟಿಗಳನ್ನು ಗುಂಪು ಮಾಡಿಕೊಳ್ಳಿ. ಇದು ಎಲ್ಲರಿಗೂ ಗೊತ್ತು, ಅಲ್ವಾ?

ಸಾಕ್ಷ್ಯಚಿತ್ರದವರಿಗೆ ಇದನ್ನು ಇಷ್ಟು ಜೋರಾಗಿ ಹೇಳುವುದಿಲ್ಲ. ಎದುರಿನವರು ಏನು ಮಾಡುತ್ತಾರೋ ಮೊದಲೇ ಗೊತ್ತಿರುವುದಿಲ್ಲವಲ್ಲ. ಅಲ್ಲಿ ಕೈ, ಬಾಗಿಲು, ಕಿಟಕಿ ಅಂತ ಕಟ್‌ಅವೇಗಳ, ಅಂದರೆ ಜಿಗಿತ ಮುಚ್ಚೋಕೆ ನಡುವೆ ಹಾಕುವ ಶಾಟ್‌ಗಳ, ಪಟ್ಟಿಯೊಂದಿದ್ದರೂ ಬಹಳ ಮಟ್ಟಿಗೆ ನಡೆಯುತ್ತದೆ.

ಈಚೆಗೆ ಒಬ್ಬ ಮೇಷ್ಟ್ರು ಬೋರ್ಡ್ ಕಳಿಸಿದ್ದರು. ಕಡ್ಡಿ ಮನುಷ್ಯರು, ಒಬ್ಬಳಿಗೆ ಒಂದು ಕೈ ಮೊಣಕಾಲು ದಾಟಿತ್ತು. ಆದರೆ ನಾಲ್ಕನೇ ಚೌಕದ ಕೆಳಗೆ, "ಇಲ್ಲಿ ಬಾಗಿಲ ಚಿಲಕ ತೋರಿಸಬೇಕು, ಇಲ್ಲದಿದ್ದರೆ ಅವಳು ಒಳಗೆ ಬಂದದ್ದು ಹೇಗೆ?" ಅಂತ ಬರೆದಿದ್ದರು. ಅರ್ಧ ದಿನದಲ್ಲಿ ಶೂಟಿಂಗ್ ಮುಗಿಯಿತು, ಎಡಿಟಿಂಗ್‌ನಲ್ಲಿ ಒಂದು ಶಾಟ್ ಕೂಡ ಕಡಿಮೆ ಬೀಳಲಿಲ್ಲ. ಒಂದೇ ಒಂದು ಎಡವಟ್ಟಾಯಿತು. ಆರನೇ ಚೌಕದಲ್ಲಿದ್ದದ್ದನ್ನು ನಾವು ಕುರ್ಚಿ ಅಂದುಕೊಂಡು ಒಂದು ಕುರ್ಚಿ ತಂದಿಟ್ಟಿದ್ದೆವು. ಅದು ನಾಯಿಯಂತೆ.